'ಡಿಸ್ಕೋ ದೀವಾನೆ': ಅಕ್ಕ-ತಮ್ಮಂದಿರ ಹಾಡು ನಮ್ಮ ಸೀಮೆಗೆ ಬಂದ ಬಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಹೆಸರುಗಳ ಪಕ್ಕದಲ್ಲಿ 'ಡಿಸ್ಕೋ' ಎಂಬ ಪದವನ್ನು ಇರಿಸಿದರೆ ಓದುವವರಿಗೆ ನಗು ಬಂದೀತು. ಜೋಳದ ಹೊಲ, ಬರಗಾಲ, ಭಜನೆ, ಬಯಲಾಟಗಳ ಈ ನಾಡಿಗೂ ಲಂಡನ್ನಿನ ಕುಣಿತದ ಸಂಗೀತಕ್ಕೂ ಎತ್ತಣಿಂದೆತ್ತ ಸಂಬಂಧ? ಆದರೆ 1980ರ ದಶಕದ ಮೊದಲ ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ನಗು ಬರುವುದಿಲ್ಲವೆಂದು ಬಲ್ಲೆ. ಅವರಲ್ಲಿ ಅನೇಕರು ಆ ಹಾಡನ್ನು ಗುನುಗುತ್ತಿದ್ದವರೇ. ಅದನ್ನು ಹಾಡಿದವರು ಯಾರು, ಹಾಡಿಸಿದವರು ಯಾರು ಎಂಬುದು ಮಾತ್ರ ಅಂದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿರಲಿಲ್ಲ. ಆ ಕಥೆಯಲ್ಲಿ ನಮ್ಮ ಕರ್ನಾಟಕದ ಪಾಲು ಸಣ್ಣದಲ್ಲವಾದುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಡಿಸ್ಕೋ ಹುಟ್ಟಿದ್ದು ಅಮೆರಿಕದ ನಗರಗಳ ರಾತ್ರಿ ಕೂಟಗಳಲ್ಲಿ. 1977ರ 'ಸ್ಯಾಟರ್ಡೇ ನೈಟ್ ಫೀವರ್' ಚಲನಚಿತ್ರ ಅದನ್ನು ಜಗತ್ತಿಗೆಲ್ಲ ಹರಡಿತು. ಆ ಕಾಲದ ಹೆಸರಾಂತ ತಂಡಗಳಲ್ಲಿ ಹಲವು ಒಂದೇ ಮನೆಯವು. ಬೀ ಜೀಸ್ ಮೂವರು ಒಡಹುಟ್ಟಿದವರು, ಜಾಕ್ಸನ್ನರದೂ ಅಣ್ಣ ತಮ್ಮಂದಿರ ತಂಡವೇ. 1979ರ ಜುಲೈ 12ರಂದು ಷಿಕಾಗೋದ ಆಟದ ಮೈದಾನವೊಂದರಲ್ಲಿ ಜನ ಡಿಸ್ಕೋ ತಟ್ಟೆಗಳ ರಾಶಿಯನ್ನೇ ಸಿಡಿಸಿ ನಾಶಮಾಡಿದರು. ಅಲ್ಲಿ ಅದರ ಇಳಿಗಾಲ ಆರಂಭವಾದ ಹೊತ್ತಿಗೆ ಇಲ್ಲಿ ಅದರ ಬೆಳಗಾಗುತ್ತಿತ್ತು.

ಈಗ ನಮ್ಮವರ ವಿಷಯಕ್ಕೆ ಬರೋಣ. ಬಿದ್ದು ಅಪ್ಪಯ್ಯ 1945ರಲ್ಲಿ ಬೆಂಗಳೂರಿನಲ್ಲಿ, ಕೊಡವ ಮನೆತನವೊಂದರಲ್ಲಿ ಹುಟ್ಟಿದವರು. ಯೌವನದಲ್ಲಿ ಗೆಳೆಯರೊಡನೆ 'ಟ್ರೋಜನ್ಸ್' ಎಂಬ ತಂಡ ಕಟ್ಟಿಕೊಂಡು ಬೀಟಲ್ಸ್ ಮೊದಲಾದವರ ಹಾಡುಗಳನ್ನು ಹಾಡುತ್ತಿದ್ದರು. 1960ರ ದಶಕದ ಕೊನೆಯ ಭಾಗದಲ್ಲಿ ಮಧ್ಯಪ್ರಾಚ್ಯದ ದೇಶಗಳನ್ನು ಹಾದು, ದಾರಿಯಲ್ಲಿ ಸಿಕ್ಕ ವಾಹನಗಳನ್ನೇರಿ ಇಂಗ್ಲೆಂಡ್ ಸೇರಿದರು. ಅಲ್ಲಿ ಹೊಟ್ಟೆಪಾಡಿಗೆ ಅಡುಗೆಯ ಕೆಲಸವನ್ನೂ ಮಾಡಿದರು. 1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಅವರಿಂದ ಹಾಡಿಸಿದ 'ಕುಂಗ್ ಫೂ ಫೈಟಿಂಗ್' ಬ್ರಿಟನ್ ಮತ್ತು ಅಮೆರಿಕ ಎರಡರಲ್ಲಿಯೂ ಮೊದಲ ಸ್ಥಾನಕ್ಕೇರಿತು. ತಟ್ಟೆಯ ಹಿಂಬದಿಯನ್ನು ತುಂಬಿಸಲೆಂದು ಅವಸರದಲ್ಲಿ ಧ್ವನಿಮುದ್ರಿಸಿದ ಹಾಡದು! 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ ಗೀತೆಯೊಂದು ಮತ್ತೆ ಬ್ರಿಟನ್ನಿನಲ್ಲಿ ಮೊದಲನೆಯದಾಯಿತು. ಹೀಗೆ ಪಶ್ಚಿಮದವರಿಗೆ ಡಿಸ್ಕೋ ಬಡಿಸಿದವರಲ್ಲಿ ಒಬ್ಬರು ನಮ್ಮ ನಾಡಿನವರು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರನ್ನು ನಾನು ಕಂಡಿಲ್ಲ. ಕಾಣುವ ಆಸೆಯೂ ಇಲ್ಲವೆನ್ನಿ, ಪ್ರಶ್ನೋತ್ತರಗಳಾಗಿ ಸಾಯುವುದಕ್ಕಿಂತ ಹೊರಗಿರುವುದೇ ಮೇಲು.

ಚಿತ್ರನಟ ಫಿರೋಜ್ ಖಾನ್ ಕೂಡ ಬೆಂಗಳೂರಿನಲ್ಲಿ ಹುಟ್ಟಿದವರೇ, 2009ರಲ್ಲಿ ತೀರಿಕೊಂಡದ್ದೂ ಅದೇ ಊರಿನಲ್ಲಿ. ಅವರ 1980ರ 'ಕುರ್ಬಾನಿ' ಚಿತ್ರದ ಇತರ ಹಾಡುಗಳಿಗೆ ಕಲ್ಯಾಣಜಿ-ಆನಂದಜಿ ಅವರ ಸಂಗೀತ. ಒಂದೇ ಒಂದು ಹಾಡು, 'ಆಪ್ ಜೈಸಾ ಕೋಯಿ', ಬಿದ್ದು ಅವರದು. ಹಾಡಿದವಳು ನಾಜಿಯಾ ಹಸನ್. ಕರಾಚಿಯಲ್ಲಿ 1965ರ ಏಪ್ರಿಲ್ 3ರಂದು ಹುಟ್ಟಿ ಲಂಡನ್ನಿನಲ್ಲಿ ಓದುತ್ತಿದ್ದ ಶಾಲಾ ಬಾಲಕಿ. ಹದಿನೈದು ವರ್ಷ, ಅಂದರೆ ನಮ್ಮ ಹತ್ತನೆಯ ತರಗತಿಯ ಮಕ್ಕಳ ವಯಸ್ಸು! ಲತಾ, ಆಶಾ ಅವರ ಕಂಠಗಳು ತುಂಬಿದ್ದ ಲೋಕದಲ್ಲಿ ತುಸು ಮೂಗಿನಿಂದ ಬಂದಂತಿದ್ದ ಆ ಧ್ವನಿ ಬೇರೆಯದೇ ಆಗಿತ್ತು. ಅದರಲ್ಲಿ ಗಮಕವಿರಲಿಲ್ಲ, ನಟನೆಯೂ ಇರಲಿಲ್ಲ. ಮರುವರ್ಷ ಆಕೆಗೆ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು.

1981ರಲ್ಲಿ ಬಿದ್ದು ಇನ್ನೊಂದು ಹೆಜ್ಜೆ ಮುಂದಿಟ್ಟರು. ನಾಜಿಯಾಳ ಜೊತೆಗೆ ಆಕೆಗಿಂತ ಚಿಕ್ಕವನಾದ ತಮ್ಮ ಜೊಹೇಬ್‌ನನ್ನೂ ಸೇರಿಸಿಕೊಂಡು 'ಡಿಸ್ಕೋ ದೀವಾನೆ' ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಕೆಲವು ಹಾಡುಗಳ ರಾಗಸಂಯೋಜನೆಯಲ್ಲಿ ಆ ಹುಡುಗನ ಕೈಯೂ ಇತ್ತು. ಇದರ ಮಹತ್ವವನ್ನು ಇಂದಿನ ಮಕ್ಕಳಿಗೆ ತಿಳಿಸಿ ಹೇಳಬೇಕು. ಆಗ ಹಿಂದಿಯಲ್ಲಿ ಜನಪ್ರಿಯ ಹಾಡೆಂದರೆ ಸಿನಿಮಾದ ಹಾಡೇ. ಭಜನೆ, ಗಜಲುಗಳನ್ನು ಬಿಟ್ಟರೆ ಉಳಿದ ಹಾಡು ಚಿತ್ರದ ಬೆನ್ನೇರಿಯೇ ಊರಿಗೆ ಬರಬೇಕಿತ್ತು. 'ಡಿಸ್ಕೋ ದೀವಾನೆ'ಗೆ ನಾಯಕನಿರಲಿಲ್ಲ, ನಾಯಕಿ ಇರಲಿಲ್ಲ, ಕಥೆ ಇರಲಿಲ್ಲ, ಗೋಡೆಗೆ ಅಂಟಿಸುವ ಸಿನಿಮಾ ಪೋಸ್ಟರೂ ಇರಲಿಲ್ಲ. ಆದರೂ ಜನ ಕೊಂಡರು. ಮುಂದೆ 1995ರಲ್ಲಿ ಅಲಿಶಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ' ಬಂದಾಗ ಪತ್ರಿಕೆಗಳು ಹೊಸ ಯುಗವೆಂದು ಕೊಂಡಾಡಿದವು. ಅದರ ಹಿಂದೆಯೂ ಇದೇ ಬಿದ್ದು ಇದ್ದರು.

ಗಡಿಯ ಮಾತನ್ನೂ ಹೇಳಬೇಕು. 1971ರ ಯುದ್ಧ ಮುಗಿದು ಕೇವಲ ಹತ್ತು ವರ್ಷಗಳಾಗಿದ್ದವು. 1965ರಿಂದ ಪಾಕಿಸ್ತಾನದಲ್ಲಿ ಭಾರತೀಯ ಚಿತ್ರಗಳಿಗೆ ನಿಷೇಧವಿತ್ತು. ಎಂದರೆ ತಮ್ಮದೇ ಊರಿನ ಹುಡುಗಿ ಹಾಡಿದ 'ಕುರ್ಬಾನಿ'ಯನ್ನು ಕರಾಚಿಯ ಚಿತ್ರಮಂದಿರದಲ್ಲಿ ನೋಡುವಂತಿರಲಿಲ್ಲ. ಮೇಲಾಗಿ ಜನರಲ್ ಜಿಯಾ ಉಲ್ ಹಕ್ ಅವರ ಆಡಳಿತಕ್ಕೆ ಹಾಡು-ಕುಣಿತಗಳೆಂದರೆ ಅಷ್ಟಕ್ಕಷ್ಟೆ. ಕ್ಯಾಸೆಟ್ಟಿಗೆ ಮಾತ್ರ ಯಾವ ಕಾವಲೂ ಅಡ್ಡಬರಲಿಲ್ಲ, ಅದು ಜೇಬಿನಲ್ಲಿ ಹೋಗುತ್ತಿತ್ತು. ಬಿಜಾಪುರದವರಿಗೆ ಇಂಥ ಬೆರಕೆ ಹೊಸದೇನೂ ಅಲ್ಲ. ಎರಡನೆಯ ಇಬ್ರಾಹಿಂ ಆದಿಲಶಾಹ ತನ್ನ 'ಕಿತಾಬ್-ಎ-ನವರಸ್' ಕೃತಿಯ ದಖನಿ ಹಾಡುಗಳಲ್ಲಿ ಸರಸ್ವತಿಯನ್ನೂ ಗುಲಬರ್ಗಾದ ಬಂದೇನವಾಜರನ್ನೂ ಒಟ್ಟಿಗೆ ನೆನೆದವನು.

ನಮ್ಮ ತಾಲೂಕುಗಳಿಗೆ ಈ ಹಾಡು ಬಂದದ್ದು ಬೆಂಗಳೂರಿನ ಕಡೆಯಿಂದಲ್ಲ, ಸೊಲ್ಲಾಪುರ, ಮುಂಬಯಿಗಳ ಕಡೆಯಿಂದ. ಹೊಟಗಿ-ಗದಗ ಮೀಟರ್ ಗೇಜ್ ಗಾಡಿಯಲ್ಲಿ ಇಂಡಿ ರೋಡಿಗೋ ಬಾಗೇವಾಡಿ ರೋಡಿಗೋ ಬಂದಿಳಿದು, ಅಲ್ಲಿಂದ ಬಸ್ಸು ಹಿಡಿದು ಊರು ಸೇರಬೇಕು. ಸಿಂದಗಿ, ಮುದ್ದೇಬಿಹಾಳದವರಿಗೆ ರೈಲೇ ಇಲ್ಲ, ಬಸ್ಸೇ ಗತಿ. ಸೊಲ್ಲಾಪುರಕ್ಕೆ ನಿಂಬೆಹಣ್ಣು ಮಾರಲು ಹೋದವರು, ಬರಗಾಲದಲ್ಲಿ ಮುಂಬಯಿ, ಪುಣೆಗಳಿಗೆ ದುಡಿಯಲು ಹೋಗಿ ಹಬ್ಬಕ್ಕೆ ಮರಳಿದವರು ಟೇಪ್ ರೆಕಾರ್ಡರ್ ತರುತ್ತಿದ್ದರು. ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ, ಮದುವೆಯ ಧ್ವನಿವರ್ಧಕದಲ್ಲಿ, ಜಾತ್ರೆಯ ತೊಟ್ಟಿಲ ಬಳಿ ಆ ಹಾಡು ಕೇಳಿಬರುತ್ತಿತ್ತು. ಒಳಗಿನ ಪಟ್ಟಿ ಸಡಿಲಾದರೆ ಪೆನ್ಸಿಲ್ ತೂರಿಸಿ ತಿರುಗಿಸುವ ವಿದ್ಯೆ ನಿಮಗೆಲ್ಲ ರೇಖಾಗಣಿತಕ್ಕಿಂತ ಚೆನ್ನಾಗಿ ಬರುತ್ತಿತ್ತು!

ಹಿರಿಯರು ಮೂಗು ಮುರಿದರು. ಆ ಕಾಲವೂ ಅಂಥದು: 1982ರಲ್ಲಿ ಗೋಕಾಕ್ ಚಳವಳಿ, ಡಾ. ರಾಜಕುಮಾರ್ ಊರೂರು ತಿರುಗುತ್ತಿದ್ದರು. ಕನ್ನಡಕ್ಕಾಗಿ ಘೋಷಣೆ ಕೂಗಿ ಬಂದ ಹುಡುಗರೇ ಸಂಜೆ ಹಿಂದಿಯ ಡಿಸ್ಕೋ ಹಾಡುತ್ತಾರಲ್ಲ ಎಂದು ಶಿಕ್ಷಕರ ಕೊಠಡಿಯಲ್ಲಿ ಆಕ್ಷೇಪಣೆ ಎದ್ದಿತ್ತು. ನನಗೆ ಅದರಲ್ಲಿ ವಿರೋಧ ಕಾಣಲಿಲ್ಲ, ಇಂದಿಗೂ ಕಾಣುವುದಿಲ್ಲ. 1981ರಲ್ಲಿಯೇ ಶಂಕರನಾಗ್ ಅವರ 'ಗೀತಾ' ಚಿತ್ರಕ್ಕಾಗಿ ಇಳಯರಾಜಾ ಅದೇ ಬಗೆಯ ಲಯವನ್ನು ಕನ್ನಡಕ್ಕೆ ಒಗ್ಗಿಸಿದ್ದರು. ಅದನ್ನೂ ಇದೇ ಹುಡುಗರು ಹಾಡಿದರು.

ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಹೊರತಂದರು. ಅಂಥ ಹಾಡುಗಳನ್ನು ಈ ಡಬ್ಬಿ ಕೊಂದಿತು ಎಂಬುದು ಆ ಮಾತು. ಕಲ್ಲಿನ ಹಾಡನ್ನು ನಿಲ್ಲಿಸಿದ್ದು ಡಿಸ್ಕೋ ಅಲ್ಲ, ಹಿಟ್ಟಿನ ಗಿರಣಿ. ಗಿರಣಿ ಬಂದ ಮೇಲೆ ಹೆಣ್ಣುಮಕ್ಕಳ ರಟ್ಟೆಗೆ ವಿಶ್ರಾಂತಿ ದೊರೆಯಿತು, ಹಾಡು ಹೋಯಿತು. ಯಾವುದು ಲಾಭ ಎಂದು ಹೇಳಬೇಕಾದವರು ಬೀಸಿದವರೇ ಹೊರತು ನಾವಲ್ಲ. ಕನ್ನಡದಲ್ಲಿ 1978ರಲ್ಲಿಯೇ ಮೈಸೂರು ಅನಂತಸ್ವಾಮಿಯವರ ಸಂಗೀತದ, ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ ಬಂದು ಭಾವಗೀತೆಗೆ ದಾರಿ ತೆರೆದಿತ್ತು. ತಡವಾಗಿಯಾದರೂ ಅದೇ ಡಬ್ಬಿಯಲ್ಲಿ ನಮ್ಮ ಭಾಗದ ಗೀಗೀ ಪದ, ಭಜನಾ ಪದ, ನಾಟಕಗಳೂ ಜಾತ್ರೆಯ ಅಂಗಡಿಗೆ ಬಂದವು.

ಅಕ್ಕ-ತಮ್ಮಂದಿರು 'ಯಂಗ್ ತರಂಗ್', 'ಹಾಟ್‌ಲೈನ್', 1992ರಲ್ಲಿ 'ಕ್ಯಾಮೆರಾ ಕ್ಯಾಮೆರಾ' ಎಂದು ಇನ್ನೂ ಕೆಲವು ಧ್ವನಿಮುದ್ರಿಕೆಗಳನ್ನು ಹೊರತಂದರು. ಆಮೇಲೆ ನಾಜಿಯಾ ಹಾಡುವುದನ್ನೇ ಬಿಟ್ಟಳು. ಕಾನೂನು ಓದಿದ್ದಳು, ವಿಶ್ವಸಂಸ್ಥೆಯಲ್ಲಿಯೂ ಕೆಲಸ ಮಾಡಿದ್ದಳು. 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಾಗ ಆಕೆಗೆ ಮೂವತ್ತೈದೇ ವರ್ಷ. ನನ್ನ ಅಂದಿನ ವಿದ್ಯಾರ್ಥಿನಿಯರ ಓರಗೆಯವಳು. 2012ರಲ್ಲಿ 'ಸ್ಟೂಡೆಂಟ್ ಆಫ್ ದಿ ಇಯರ್' ಚಿತ್ರಕ್ಕಾಗಿ ಆ ಹಾಡನ್ನು ಹೊಸದಾಗಿ ಮಾಡಿದಾಗ ಆಕೆಯ ಧ್ವನಿಯನ್ನೂ ಅದರಲ್ಲಿ ಉಳಿಸಿಕೊಂಡರು. ಮೊಮ್ಮಗಳು ಅದನ್ನು ಹಾಕಿದ್ದಾಗ ಒಳಗಿನ ಕೋಣೆಯಲ್ಲಿದ್ದ ನಾನು ಆ ಮೂಗಿನ ದನಿಯನ್ನು ಕೂಡಲೇ ಗುರುತಿಸಿದೆ.

ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಆ ಹಳೆಯ ಕ್ಯಾಸೆಟ್ ಇದ್ದರೆ ತಿಳಿಸಿರಿ. ಅದನ್ನು ಯಾವ ಊರಿನಿಂದ, ಯಾರು ತಂದರು ಎಂಬುದನ್ನೂ ತಪ್ಪದೆ ಬರೆಯಿರಿ.