ಕ್ಯಾಮರೂನ್‌ನ ಎನ್‌ಗೌಂಡೆರೆ ಪಟ್ಟಣ: ಜನರು, ಭಾಷೆಗಳು ಮತ್ತು ಹವಾಗುಣ

ಎನ್‌ಗೌಂಡೆರೆಯು ಮಧ್ಯ ಆಫ್ರಿಕಾದ ಕ್ಯಾಮರೂನ್ ದೇಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದ ಆದಮಾವಾ ಪ್ರಸ್ಥಭೂಮಿಯ ಮೇಲಿದೆ. ರಾಜಧಾನಿ ಯವುಂಡೆಯಿಂದ ಬರುವ ರೈಲುಮಾರ್ಗವು ಇಲ್ಲಿ ಕೊನೆಗೊಳ್ಳುತ್ತದೆ.

ಜನರು: ಎಂಬುಮ್ ಜನಾಂಗದವರು ಇಲ್ಲಿನ ಹಿಂದಿನ ನಿವಾಸಿಗಳು. 19ನೆಯ ಶತಮಾನದಲ್ಲಿ ಫುಲಾನಿಗಳು ಇಲ್ಲಿ ಆಳ್ವಿಕೆ ಸ್ಥಾಪಿಸಿದರು. ಅವರ ಸಾಂಪ್ರದಾಯಿಕ ಮುಖ್ಯಸ್ಥರನ್ನು ಲಾಮಿಡೊ ಎಂದು ಕರೆಯಲಾಗುತ್ತದೆ. ಗ್ಬಾಯಾ ಜನಾಂಗದವರೂ ನೆಲೆಸಿದ್ದಾರೆ.

ಭಾಷೆಗಳು: ಫ್ರೆಂಚ್ ಮತ್ತು ಇಂಗ್ಲಿಷ್ ದೇಶದ ಅಧಿಕೃತ ಭಾಷೆಗಳು. ಇಲ್ಲಿನ ಕಚೇರಿಗಳಲ್ಲಿ ಫ್ರೆಂಚ್, ಜನಾಂಗಗಳ ನಡುವಿನ ವ್ಯವಹಾರದಲ್ಲಿ ಫುಲ್‌ಫುಲ್ಡೆ ಭಾಷೆ ಬಳಕೆಯಲ್ಲಿದೆ.

ಹವಾಗುಣ: ಎತ್ತರದ ಕಾರಣ ಉಷ್ಣತೆಯು ಮಿತವಾಗಿರುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲ. ವಾರ್ಷಿಕ ಮಳೆ ಸುಮಾರು 1,500 ಮಿ.ಮೀ. ಉಳಿದ ಅವಧಿಯು ಶುಷ್ಕವಾಗಿದ್ದು, ಸಹಾರಾ ಕಡೆಯಿಂದ ಧೂಳುಗಾಳಿ ಬೀಸುತ್ತದೆ.

ಪ್ರಯಾಣಿಕರ ಗಮನಕ್ಕೆ: ಕ್ಯಾಮರೂನ್ ಪ್ರವೇಶಕ್ಕೆ ಹಳದಿ ಜ್ವರದ ಲಸಿಕೆ ಪ್ರಮಾಣಪತ್ರ ಕಡ್ಡಾಯ. ಲಸಿಕೆ ಪಡೆದ 10 ದಿನಗಳ ನಂತರವಷ್ಟೇ ಇದು ಮಾನ್ಯವಾಗುತ್ತದೆ. ಪ್ರಮಾಣಪತ್ರವಿಲ್ಲದೆ ಅಲ್ಲಿಂದ ಭಾರತಕ್ಕೆ ಮರಳುವವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.