ರೂಟರ್‌ಗೆ ವೆಬ್ ಪುಟ ಯಾಕೆ ಬೇಕು?

ರೂಟರ್, ಸ್ವಿಚ್‌ಗಳ ಸೆಟ್ಟಿಂಗ್ ಬದಲಿಸಲು ಎರಡು ದಾರಿ: ಬ್ರೌಸರ್‌ನಲ್ಲಿ ತೆರೆಯುವ ವೆಬ್ ಇಂಟರ್ಫೇಸ್, ಇಲ್ಲವೇ ಟೈಪ್ ಮಾಡುವ ಕಮಾಂಡ್ ಲೈನ್. ಮನೆಯ ವೈಫೈ ಪಾಸ್‌ವರ್ಡ್ ಬದಲಿಸೋಕೆ ಮೊದಲನೆಯದೇ ಸರಿ, ಅದರಲ್ಲಿ ವಾದವಿಲ್ಲ. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳ ನೆಟ್‌ವರ್ಕ್ ಮಾತು ಬೇರೆ.

ವೆಬ್ ಪುಟ ತೋರಿಸಬೇಕಾದರೆ ಸಾಧನದೊಳಗೇ ಒಂದು ವೆಬ್ ಸರ್ವರ್ ಓಡುತ್ತಿರಬೇಕು. ಅಂದರೆ ಕಾಯಬೇಕಾದ ಬಾಗಿಲು ಇನ್ನೊಂದು. 2023ರ ಅಕ್ಟೋಬರ್‌ನಲ್ಲಿ ಸಿಸ್ಕೋದ ಐಒಎಸ್ ಎಕ್ಸ್‌ಇ ತಂತ್ರಾಂಶದಲ್ಲಿ ಬಯಲಾಗಿದ್ದು ಇದೇ. ವೆಬ್ ಇಂಟರ್ಫೇಸ್‌ನ ದೋಷ ಬಳಸಿ, ಲಾಗಿನ್ ಆಗದೆಯೇ ಹೊರಗಿನವರು ಪೂರ್ಣಾಧಿಕಾರದ ಖಾತೆ ತೆರೆಯಬಹುದಿತ್ತು. ತೀವ್ರತೆ 10ಕ್ಕೆ 10. ಪ್ಯಾಚ್ ಬರುವ ಮೊದಲೇ ದಾಳಿಕೋರರು ಹತ್ತಾರು ಸಾವಿರ ಸಾಧನಗಳಿಗೆ ನುಗ್ಗಿಯಾಗಿತ್ತು. ಇಂಟರ್ನೆಟ್‌ಗೆ ತೆರೆದುಕೊಂಡ ಸಾಧನಗಳಲ್ಲಿ ವೆಬ್ ಸರ್ವರ್ ಆಫ್ ಮಾಡಿ ಅಂತ ಕಂಪನಿಯೇ ಹೇಳಿತು. ಆಫ್ ಮಾಡೋದು ಹೇಗೆ? ಕಮಾಂಡ್ ಲೈನ್‌ನಲ್ಲಿ ಎರಡು ಸಾಲು: 'ನೋ ಐಪಿ ಎಚ್‌ಟಿಟಿಪಿ ಸರ್ವರ್', 'ನೋ ಐಪಿ ಎಚ್‌ಟಿಟಿಪಿ ಸೆಕ್ಯೂರ್-ಸರ್ವರ್'.

ಹಾಗಂತ ಕಮಾಂಡ್ ಲೈನ್ ಪವಿತ್ರವೇನಲ್ಲ. ಟೆಲ್ನೆಟ್‌ನಲ್ಲಿ ಹೋದರೆ ಪಾಸ್‌ವರ್ಡ್ ಬಟಾಬಯಲು. ಎಸ್‌ಎಸ್‌ಎಚ್ ಬೇಕೇ ಬೇಕು. ಅದರ ನಿಜವಾದ ಲಾಭವೆಂದರೆ ಇಡೀ ಕಾನ್ಫಿಗರೇಶನ್ ಬರೀ ಪಠ್ಯವಾಗಿ ಸಿಗುತ್ತೆ. ಸರ್ಕಾರಿ ಕಚೇರಿಯ ನೆಟ್‌ವರ್ಕ್ ಬಿದ್ದಾಗ, ಉಳಿಸಿಟ್ಟ ನಿನ್ನೆಯ ಕಡತವನ್ನು ಇವತ್ತಿನದರ ಪಕ್ಕ ಇಟ್ಟರೆ ಬದಲಾದ ಸಾಲು ಯಾವುದು ಅಂತ ಕಾಣುತ್ತೆ.