ಹಂಡೆ, ತೊಟ್ಟಿ ಮತ್ತು ಬಿಸಿನೀರು



ಇತಿಹಾಸವೆಂದರೆ ಶಾಸನ, ದೇಗುಲ, ಯುದ್ಧಗಳಷ್ಟೇ ಅಲ್ಲವೆಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಮನೆಯ ಬಚ್ಚಲಿಗೂ ಒಂದು ಇತಿಹಾಸವಿದೆ. ಅದನ್ನು ಬರೆಯಲು ಈಗ ಕಾರಣವೂ ಒದಗಿದೆ. ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನು ಮಲ್ಲಸಮುದ್ರದಲ್ಲಿರುವ ತನ್ನ ತಾಯಿಯ ಮೊಣಕಾಲು ನೋವಿಗೆಂದು, ಕುಳಿತು ಮೈ ನೆನೆಸಬಹುದಾದ ಬಿಸಿನೀರಿನ ತೊಟ್ಟಿಯೊಂದನ್ನು ಕೊಡಿಸಬೇಕೆಂದಿದ್ದಾನೆ. “ಸರ್, ಭಾಳ ತುಟ್ಟಿ ಆಗಬಾರದ್ರಿ, ಮ್ಯಾಲಿಂದ ಮ್ಯಾಲೆ ಕೆಡಲೂಬಾರದು. ಎಂಥಾದ್ದು ತಗೊಳ್ಳಲಿ?” ಎಂಬುದು ಅವನ ಪ್ರಶ್ನೆ.

ನಮ್ಮ ಭಾಗದಲ್ಲಿ ಸ್ನಾನಕ್ಕೆ ‘ಜಳಕ’ ಎನ್ನುತ್ತೇವೆ. ತಲೆಗೆ ನೀರು ಹಾಕಿಕೊಳ್ಳುವುದಕ್ಕೆ ‘ಎರೆದುಕೊಳ್ಳುವುದು’ ಎನ್ನುತ್ತೇವೆ. ಎರೆಯುವುದೆಂದರೆ ಸುರಿಯುವುದು. ಪದ್ಧತಿಯು ಮಾತಿನಲ್ಲಿಯೇ ಉಳಿದಿದೆ. ಮುಳುಗಿ ಮೀಯುವುದು ಹೊಳೆ, ಕೆರೆ, ಪುಷ್ಕರಣಿಗಳ ತಣ್ಣೀರಿನಲ್ಲಿ. ಮನೆಯ ಬಿಸಿನೀರನ್ನು ಸುರಿದುಕೊಳ್ಳುವುದೇ ರೂಢಿ. ಗದಗಿನ ಸೀಮೆಯೂ ಕಲ್ಯಾಣ ಚಾಲುಕ್ಯರ ಆಳ್ವಿಕೆಗೆ ಸೇರಿದ್ದ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನ ಇಪ್ಪತ್ತು ಉಪಭೋಗಗಳನ್ನು ಹೇಳುವಾಗ ಸ್ನಾನವನ್ನೂ ಸೇರಿಸಿದ್ದಾನೆ. ಅರಸನಿಗೆ ಅದು ಭೋಗ. ಬಡವರ ಮನೆಯಲ್ಲಿ ಧಾರಾಳ ಬಿಸಿನೀರು ಸಿಗುತ್ತಿದ್ದುದು ಹೆಚ್ಚಾಗಿ ಬಾಣಂತಿಗೆ ಮತ್ತು ಹಸುಗೂಸಿಗೆ.

ಮಣ್ಣಿನ ಒಲೆಯಲ್ಲಿ ಕುತ್ತಿಗೆಯವರೆಗೆ ಹೂಳಿದಂತೆ ಕೂಡಿಸಿದ ತಾಮ್ರದ ಹಂಡೆಯನ್ನು ನೀವೂ ಕಂಡಿರುತ್ತೀರಿ. ಎರೆಭೂಮಿಯ ನಾಡಾದ್ದರಿಂದ ಹತ್ತಿಕಟ್ಟಿಗೆ, ಶೇಂಗಾ ಹೊಟ್ಟು, ಕುಳ್ಳು, ಕೈಗೆ ಸಿಕ್ಕಿದ್ದೆಲ್ಲ ಅದಕ್ಕೆ ಉರುವಲು. ಒಲೆ ಆರಿದ ಮೇಲೂ ಸುತ್ತಲಿನ ದಪ್ಪ ಮಣ್ಣು ಕಾವನ್ನು ಹಿಡಿದಿಡುತ್ತಿತ್ತು. ಮೇಲಿನ ಮುಚ್ಚಳವು ಆವಿ ಹೋಗದಂತೆ ತಡೆಯುತ್ತಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದಂದು ಈ ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗಿ, ಹಿಂಡಲಕಾಯಿ ಬಳ್ಳಿ ಸುತ್ತಿ ಪೂಜಿಸುತ್ತಿದ್ದರು. ಕೂಡುವ ಜಾಗವಾದರೋ ಬರಿಯ ಬಚ್ಚಲ ಕಲ್ಲು! ಹಣವನ್ನೆಲ್ಲ ಕಾವಿಗೆ ಹಾಕಿ, ಕೂಡುವುದಕ್ಕೆ ಕಲ್ಲೊಂದು ಸಾಕೆಂದ ಹಿರಿಯರ ಲೆಕ್ಕಾಚಾರವನ್ನು ಗಮನಿಸಿರಿ.

ಇನ್ನು ತೊಟ್ಟಿಯ ಕಥೆ. ಜಪಾನಿನ ‘ಫುರೊ’ ಎಂಬ ತೊಟ್ಟಿಗೆ ಮೈ ತೊಳೆದುಕೊಂಡ ಮೇಲೆಯೇ ಇಳಿಯುತ್ತಾರೆ. ಆದುದರಿಂದ ಒಂದೇ ನೀರು ಮನೆಮಂದಿಗೆಲ್ಲ ಸಾಲುತ್ತದೆ. ಗುಳ್ಳೆ ಚಿಮ್ಮುವ ಈಗಿನ ತೊಟ್ಟಿಯ ಮೂಲವೂ ಒಬ್ಬ ತಂದೆಯ ಕಳವಳದಲ್ಲಿದೆ. ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋದ ಜಕೂಜಿ ಸಹೋದರರು ಕ್ಯಾಲಿಫೋರ್ನಿಯಾದಲ್ಲಿ ಕೃಷಿಬಾವಿಗಳ ಪಂಪು ತಯಾರಿಸುತ್ತಿದ್ದರು. ಅವರಲ್ಲಿ ಕ್ಯಾಂಡಿಡೊ ಎಂಬವನ ಎಳೆಯ ಮಗನಿಗೆ ಸಂಧಿವಾತವಿತ್ತು. ಆಸ್ಪತ್ರೆಯ ಜಲಚಿಕಿತ್ಸೆ ಮನೆಯಲ್ಲಿಯೂ ದೊರೆಯಲೆಂದು ಅವನು ತೊಟ್ಟಿಯೊಳಗಿಡುವ ಪಂಪನ್ನು ರೂಪಿಸಿದನು. 1956ರಲ್ಲಿ ಅದು ಮಾರಾಟಕ್ಕೆ ಬಂದಿತು. 1968ರಲ್ಲಿ ರಾಯ್ ಜಕೂಜಿಯು ತೊಟ್ಟಿ, ಪಂಪು ಎರಡನ್ನೂ ಒಂದಾಗಿಸಿದನು. ರೋಗಿಗಾಗಿ ಹುಟ್ಟಿದ್ದು ಮುಂದೆ ಸಿರಿವಂತರ ವಿಲಾಸವಾಯಿತು.

ಈಗ ಸ್ವಲ್ಪ ಗಣಿತ. ಒಂದು ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೊಕ್ಯಾಲರಿ ಬೇಕು. ಒಂದು ಯೂನಿಟ್ ವಿದ್ಯುತ್ತೆಂದರೆ 860 ಕಿಲೊಕ್ಯಾಲರಿ. ನಾಲ್ವರು ಕೂಡುವ ತೊಟ್ಟಿಗೆ 800 ಲೀಟರು ಹಿಡಿಯಿರಿ. 25 ಡಿಗ್ರಿಯಿಂದ 40ಕ್ಕೆ ಏರಿಸಲು 14 ಯೂನಿಟ್ ಬೇಕು. ಎರಡು ಕಿಲೊವ್ಯಾಟ್ ಹೀಟರಿಗೆ ಏಳು ಗಂಟೆಯ ಕೆಲಸ. ನೀರು, ಜನ ಕೂಡಿದರೆ ಭಾರ ಒಂದು ಟನ್ನಿಗೂ ಮಿಕ್ಕೀತು. ಹಳೆಯ ಮಣ್ಣಿನ ಮಾಳಿಗೆಯ ಮೇಲೆ ಅದನ್ನಿಡುವ ಮಾತೇ ಬೇಡ. ಒಬ್ಬರು ಕೂಡುವ 250 ಲೀಟರಿನ ತೊಟ್ಟಿಗಾದರೆ ನಾಲ್ಕೂವರೆ ಯೂನಿಟ್ ಸಾಕು. ಸೋಲಾರ್ ಹೀಟರಿನಿಂದ 60 ಡಿಗ್ರಿಯ ನೀರು ಬಂದರೆ, ಅದರಲ್ಲಿ 110 ಲೀಟರಿಗೆ ತಣ್ಣೀರು ಬೆರೆಸಿದರೆ ಈ ತೊಟ್ಟಿ ತುಂಬುತ್ತದೆ. ಮೋಡದ ದಿನಗಳಿಗೆ ಮಾತ್ರ ಗೀಜರ್ ಬೇಕಾದೀತು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಮೊದಲು ಕಾವನ್ನು ಕೊಳ್ಳಬೇಕು, ಪಾತ್ರೆಯನ್ನು ಆಮೇಲೆ. ಇನ್ನೂರು ಲೀಟರಿನ ಸೋಲಾರ್ ಹೀಟರು ಮನೆಮಂದಿಗೆಲ್ಲ ಉಪಯೋಗ. ತೊಟ್ಟಿಯು ಒಬ್ಬರಿಗೆ ಸಾಲುವಷ್ಟಿರಲಿ, ಮುಚ್ಚಳವಿರಲಿ, ಪಂಪು ಬೇಡ. ಪಂಪಿಲ್ಲದ್ದರಲ್ಲಿ ಕೆಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಗಡಸು ನೀರು ಹೀಟರಿನ ಸುರುಳಿಗೆ ಹರಳು ಕಟ್ಟಿಸುವ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಒಂದೇ ನೀರನ್ನು ವಾರಗಟ್ಟಲೆ ಇಟ್ಟರೆ ಕ್ಲೋರಿನ್ ಹಾಕುತ್ತಿರಬೇಕು. ಬಳಸಿದೊಡನೆ ಖಾಲಿ ಮಾಡಿದರೆ ಆ ಜಂಜಾಟವಿಲ್ಲ. ಸಾಬೂನು ಬೆರೆಯದ ಆ ನೀರು ಆರಿದ ಮೇಲೆ ತೆಂಗಿನ ಬುಡಕ್ಕೆ ಹೋಗಲಿ. ತುಂಗಭದ್ರೆಯ ನೀರನ್ನು ಅಷ್ಟು ದೂರದಿಂದ ತರಿಸಿಕೊಳ್ಳುವ ಊರು ನಮ್ಮದು. ನೀರಿನಲ್ಲಿ ಜನ ಕುಳಿತಿರುವಾಗ ಕರೆಂಟಿನ ಕಾಯಿಲನ್ನು ಎಂದೂ ಇಳಿಬಿಡಕೂಡದು. ನೀರು 40 ಡಿಗ್ರಿ ಮೀರಬಾರದು, ಹದಿನೈದು ನಿಮಿಷ ಸಾಕು. ಹೃದ್ರೋಗ, ರಕ್ತದೊತ್ತಡವಿರುವವರು ವೈದ್ಯರನ್ನು ಕೇಳಿಯೇ ಇಳಿಯಬೇಕು.

ಎಲ್ಲಕ್ಕಿಂತ ಮುಖ್ಯವಾದುದೊಂದಿದೆ. ಮೊಣಕಾಲು ನೋಯುವವರಿಗೆ ಎರಡು ಅಡಿ ಎತ್ತರದ ಅಂಚನ್ನು ದಾಟುವುದೇ ಗಂಡಾಂತರ. ಮೆಟ್ಟಿಲು, ಗೋಡೆಗೆ ಹಿಡಿಕೆ, ಕಾಲು ಜಾರದ ನೆಲ ಇವಿಲ್ಲದಿದ್ದರೆ ಎಷ್ಟೇ ಅಗ್ಗದ ತೊಟ್ಟಿಯೂ ದುಬಾರಿಯೇ. ಆ ತಾಯಿಗೆ ಎತ್ತರದ ಮಣೆಯ ಮೇಲೆ ಕುಳಿತು ಧಾರಾಳವಾಗಿ ಬಿಸಿನೀರು ಎರೆದುಕೊಳ್ಳುವುದೇ ಹಿತವೆನಿಸಲೂಬಹುದು. ಆದಕಾರಣ ಶಿಷ್ಯನಿಗೆ ನಾನು ಬರೆದದ್ದು ಇಷ್ಟೇ: ತಮ್ಮಾ, ಸೋಲಾರ್ ಹೀಟರನ್ನು ಈಗಲೇ ಕೂಡಿಸು, ತೊಟ್ಟಿಯ ವಿಷಯವನ್ನು ಅವ್ವನನ್ನೇ ಕೇಳು.